ಪ್ರಜಾಪ್ರತಿನಿಧಿ ಸಭೆಯೂ ಜಾತಿಯ ಲೆಕ್ಕವೂ

ಐವತ್ತು ವರ್ಷಗಳ ಕಾಲ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ ಮೈಸೂರು ಸಂಸ್ಥಾನವು 1881ನೆಯ ಇಸವಿಯ ಮಾರ್ಚ್ 25ರಂದು ಒಡೆಯರ ವಂಶಕ್ಕೆ ಮರಳಿ ಬಂದಾಗ, ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ದೊರೆತುದು ಕ್ಷಾಮದಿಂದ ಬಡಕಲಾಗಿದ್ದ ರಾಜ್ಯ. 1871ರ ಖಾನೇಸುಮಾರಿಯಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆ, 1876ರಿಂದ ಎರಡು ವರ್ಷಗಳ ಕಾಲ ನಾಡನ್ನು ಸುಟ್ಟ ಮಹಾಕ್ಷಾಮದ ತರುವಾಯ, 1881ರ ಎಣಿಕೆಯಲ್ಲಿ 42 ಲಕ್ಷಕ್ಕೂ ಕೆಳಗಿಳಿದಿದ್ದಿತು. ಬೊಕ್ಕಸ ಬರಿದಾಗಿ, ಕ್ಷಾಮದ ಸಾಲವು ಹೆಗಲ ಮೇಲೇರಿದ್ದ ಅಂಥ ಸಮಯದಲ್ಲಿ ದಿವಾನ್ ರಂಗಾಚಾರ್ಲು ಅವರು ಮಾಡಿದ ಕಾರ್ಯವು ಆಗಿನ ದೇಶೀಯ ಸಂಸ್ಥಾನಗಳಲ್ಲಿ ಯಾವುದೂ ಮಾಡದಿದ್ದ ಕಾರ್ಯ: ಅದೇ ವರ್ಷದ ಅಕ್ಟೋಬರ್ 7ರಂದು, ದಸರೆಯ ಕಾಲದಲ್ಲಿ, ತಾಲ್ಲೂಕುಗಳಿಂದ ಬಂದ 144 ಮಂದಿಯನ್ನು ಮೈಸೂರಿನಲ್ಲಿ ಕೂಡಿಸಿ, ಸರ್ಕಾರದ ವರಮಾನವೆಷ್ಟು, ವೆಚ್ಚವೆಷ್ಟು, ಮುಂದಿನ ಉದ್ದೇಶಗಳೇನು ಎಂಬುದನ್ನು ಅವರ ಮುಂದೆ ಓದಿ ಹೇಳಿದರು. ಪ್ರಜಾಪ್ರತಿನಿಧಿ ಸಭೆಯೆಂದು ಹೆಸರಾದ ಆ ಕೂಟಕ್ಕೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಆಯವ್ಯಯಕ್ಕೆ ಸಮ್ಮತಿ ಕೊಡುವ ಅಥವಾ ಕೊಡದಿರುವ ಅಧಿಕಾರವೂ ಇರಲಿಲ್ಲ. ಕೇಳುವುದು, ಅಹವಾಲು ಹೇಳಿಕೊಳ್ಳುವುದು, ಊರಿಗೆ ಹಿಂದಿರುಗಿ ಕೇಳಿದ್ದನ್ನು ನಾಲ್ಕು ಜನಕ್ಕೆ ತಿಳಿಸುವುದು, ಇಷ್ಟೇ ಅದರ ವ್ಯಾಪಾರ.

ಆ ಸಭೆಯ ಸದಸ್ಯರನ್ನು ಕರೆದುದು ರೈತರೆಂದು ಮತ್ತು ವರ್ತಕರೆಂದು. ಆರಿಸುವವರು ಕಂದಾಯವನ್ನು ನೋಡಿದರು, ವ್ಯಾಪಾರವನ್ನು ನೋಡಿದರು, ಜಾತಿಯನ್ನು ಕೇಳಲಿಲ್ಲ. ಇದನ್ನೇ ಮುಂದಿಟ್ಟು, ಮೈಸೂರಿನ ರಾಜಕೀಯವು ಆದಿಯಲ್ಲಿ ನಿರ್ಮಲವಾಗಿದ್ದು ಕಾಲಕ್ರಮದಲ್ಲಿ ಕೋಮುವಾರು ಭಾವನೆಯಿಂದ ಕಲುಷಿತವಾಯಿತೆಂದು ಹೇಳುವ ಪರಿಪಾಠವೊಂದು ನಮ್ಮ ಹಿರಿಯರಲ್ಲಿ ಬಹುಕಾಲ ಇದ್ದಿತು, ಈಗಲೂ ಕೆಲವರಲ್ಲಿ ಇದೆ. ಜಾತಿಯೆಂಬುದು ಅನಾದಿಯಾದುದರಿಂದ ಮತದಾನವೆಂಬುದು ಅದರ ನೆರಳಷ್ಟೇ ಎಂದು ವಾದಿಸುವವರು ಇನ್ನೊಂದು ಕಡೆ. ಪ್ರಜಾಪ್ರತಿನಿಧಿ ಸಭೆಯ ಚರಿತ್ರೆಯನ್ನು ಸಾವಧಾನವಾಗಿ ಓದಿದವರಿಗೆ ಈ ಎರಡು ಮಾತುಗಳಲ್ಲಿ ಯಾವುದೂ ಪೂರ್ತಿ ಒಪ್ಪಿಗೆಯಾಗಲಾರದು.

ಏಕೆಂದರೆ, ಕಂದಾಯದ ಲೆಕ್ಕದಲ್ಲಿಯೇ ಜಾತಿಯು ಹೆಸರು ಹೇಳದೆ ಕುಳಿತಿದ್ದಿತು. ಆ ಕಾಲದ ಒಂದು ಗ್ರಾಮವನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಪಟೇಲನು ಸಾಮಾನ್ಯವಾಗಿ ಒಕ್ಕಲಿಗನೋ ಲಿಂಗಾಯತನೋ ಆಗಿದ್ದು, ಹೆಚ್ಚಿನ ಜಮೀನು ಅವನ ಮತ್ತು ಅವನ ದಾಯಾದಿಗಳ ಹೆಸರಿನಲ್ಲಿ ಇರುತ್ತಿದ್ದಿತು. ಖಾತೆ, ಪಹಣಿಗಳನ್ನು ಬರೆದಿಡುವ ಶಾನುಭೋಗನು ಬಹುಮಟ್ಟಿಗೆ ಬ್ರಾಹ್ಮಣ. ಊರ ಹೊರಗಿನ ಹೊಲಗೇರಿಯಲ್ಲಿ, ಗ್ರಾಮದ ಸೇವಕನಾದ ಕುಳವಾಡಿಯ ಮನೆ. ಎರಡು ಗ್ರಾಮಗಳಿಗೆ ಎಲ್ಲೆಯ ವಿಷಯದಲ್ಲಿ ವ್ಯಾಜ್ಯ ಬಂದಾಗ, ಶಾನುಭೋಗನ ಕಾಗದಕ್ಕಿಂತ ಕುಳವಾಡಿಯ ನಡಿಗೆಗೇ ಹೆಚ್ಚು ಬೆಲೆಯಿದ್ದ ಕಾಲವೊಂದಿದ್ದಿತು; ಊರಿನ ಮಣ್ಣಿನ ಉಂಡೆಯೊಂದನ್ನು ತಲೆಯ ಮೇಲೆ ಹೊತ್ತು ಅವನು ಎಲ್ಲೆಯ ಗುಂಟ ನಡೆಯಬೇಕು; ಸರಿಯಾದ ಗೆರೆಯನ್ನು ಬಿಟ್ಟು ಹೆಜ್ಜೆಯಿಟ್ಟರೆ ಉಂಡೆ ತಾನಾಗಿಯೇ ಒಡೆಯುವುದೆಂದೂ, ಅವನು ಕೆಲವೇ ದಿನಗಳಲ್ಲಿ ಸಾಯುವನೆಂದೂ ಜನರ ನಂಬಿಕೆ. ಗ್ರಾಮದ ಮೇರೆಯನ್ನು ತನ್ನ ಪ್ರಾಣವನ್ನು ಒತ್ತೆಯಿಟ್ಟು ತೋರಿಸಬಲ್ಲವನೆಂದು ಊರೇ ಒಪ್ಪಿದ್ದ ಆ ಮನುಷ್ಯನ ಹೆಸರಿನಲ್ಲಿ ಜಮೀನಿರಲಿಲ್ಲ, ಇದ್ದರೆ ಸೇವೆಗೆಂದು ಬಿಟ್ಟ ತುಂಡು ನೆಲ. ಆದುದರಿಂದ ರೈತರ ಪ್ರತಿನಿಧಿಗಳ ಪಟ್ಟಿಯಲ್ಲಿ ಅವನಿಗೆ ಎಡೆಯಿರಲಿಲ್ಲ. ಆಜ್ಞಾಪತ್ರದಲ್ಲಿ ಜಾತಿಯ ಹೆಸರು ಇಲ್ಲದಿದ್ದ ಮಾತ್ರಕ್ಕೆ ಸಭೆಯು ಜಾತಿಯಿಂದ ಮುಕ್ತವಾಗಿದ್ದಿತೆಂದು ಹೇಳಲು ನನಗೆ ಮನಸ್ಸು ಬಾರದು.

ಮೊದಲ ಮೂರು ದಶಕಗಳ ಕಲಹವು ಮಾತ್ರ ಬೇರೆಯ ಬಗೆಯದು. ರಂಗಾಚಾರ್ಲು ಅವರೂ, ಅವರ ತರುವಾಯ 1883ರಿಂದ 1901ರವರೆಗೆ ದಿವಾನರಾಗಿದ್ದ ಶೇಷಾದ್ರಿ ಅಯ್ಯರರೂ ಮದರಾಸು ಪ್ರಾಂತದಿಂದ ಬಂದವರು. ಅವರ ಹಿಂದೆ ಅದೇ ಪ್ರಾಂತದ ವಿದ್ಯಾವಂತರು ಅನೇಕರು ಬಂದು ಹುಜೂರು ಕಛೇರಿಯ ಮೇಲಿನ ಪೀಠಗಳಲ್ಲಿ ಕುಳಿತರು. ಮೈಸೂರು ಮೈಸೂರಿನವರಿಗೆ ಎಂಬ ಕೂಗು ಎದ್ದುದು ಆಗ. ತಾತಯ್ಯನೆಂದು ಜನರ ಪ್ರೀತಿಗೆ ಪಾತ್ರರಾದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳಲ್ಲಿ ಸರ್ಕಾರವನ್ನು ಎದುರಿಸಿ ಬರೆದುದೂ ಆಗ. ಆದರೆ ಈ ಜಗಳದ ಎರಡು ಪಕ್ಷಗಳಲ್ಲಿಯೂ ಮುಂದಾಳುಗಳು ಬಹುತೇಕ ಬ್ರಾಹ್ಮಣರೇ ಆಗಿದ್ದರು. ಇಂಗ್ಲಿಷ್ ವಿದ್ಯೆಯ ಬಾಗಿಲನ್ನು ಮೊದಲು ದಾಟಿದವರಿಗೆ ಸರ್ಕಾರಿ ಹುದ್ದೆಯು ದಕ್ಕುವುದು ಸಹಜ. 1891ರಲ್ಲಿ ಸಿವಿಲ್ ಸರ್ವಿಸಿನ ಸ್ಪರ್ಧಾಪರೀಕ್ಷೆಯು ಬಂದ ಮೇಲಂತೂ ಆ ಬಾಗಿಲೇ ರಾಜಮಾರ್ಗವಾಯಿತು. ಅದೇ ವರ್ಷ ಪ್ರಜಾಪ್ರತಿನಿಧಿ ಸಭೆಗೆ ಚುನಾವಣೆಯ ಪದ್ಧತಿಯೂ ಬಂದಿತು. ಮತದ ಹಕ್ಕು ಹೆಚ್ಚು ಕಂದಾಯ ಕೊಡುವ ಕೆಲವರಿಗೆ ಮಾತ್ರ. ಆದರೂ ಒಬ್ಬನು ಇನ್ನೊಬ್ಬನ ಮನೆಯ ಬಾಗಿಲಿಗೆ ಹೋಗಿ, ನನಗೆ ಮತ ಕೊಡಿ ಎಂದು ಕೇಳಬೇಕಾದ ಪ್ರಸಂಗವು ಈ ನಾಡಿನಲ್ಲಿ ಹುಟ್ಟಿದುದು ಅಲ್ಲಿಂದ.

ಹೀಗೆ ಕೇಳಬೇಕಾದಾಗ, ನಾನು ಯಾರವನು, ನನ್ನವರೆಷ್ಟು ಎಂಬ ಪ್ರಶ್ನೆ ಬಂದೇ ಬರುವುದು. ಅದಕ್ಕೆ ಉತ್ತರವನ್ನು ಹತ್ತು ವರ್ಷಕ್ಕೊಮ್ಮೆ ಖಾನೇಸುಮಾರಿಯು ಸಿದ್ಧಪಡಿಸಿ ಕೊಡುತ್ತಿದ್ದಿತು. ಒಕ್ಕಲಿಗರೆಂಬ ಒಂದೇ ತಲೆಬರಹದ ಕೆಳಗೆ ಗಂಗಡಿಕಾರರು, ಮೊರಸುಗಳು, ಹಳ್ಳಿಕಾರರು, ಕುಂಚಿಟಿಗರು, ದಾಸ ಒಕ್ಕಲಿಗರು ಮುಂತಾಗಿ ಒಬ್ಬರೊಡನೊಬ್ಬರು ಕೊಟ್ಟು ತಂದು ಮಾಡದ ಹಲವು ಪಂಗಡಗಳನ್ನು ಕೂಡಿಸಿ ಬರೆದಾಗ, ಸಂಸ್ಥಾನದಲ್ಲಿ ಐವರಲ್ಲೊಬ್ಬನು ಒಕ್ಕಲಿಗನೆಂಬ ಸಂಗತಿ ಕಾಗದದ ಮೇಲೆ ಮೂಡಿತು. ಮಂಡ್ಯದ ಕಡೆಯ ಗಂಗಡಿಕಾರ ಗೌಡನಿಗೆ ಕೋಲಾರದ ಮೊರಸು ಒಕ್ಕಲಿಗನು ಬಂಧುವಲ್ಲ, ಪರಿಚಿತನೂ ಅಲ್ಲ. ಒಬ್ಬನ ಮನೆಯ ಮಾತು ಕನ್ನಡವಾದರೆ ಇನ್ನೊಬ್ಬನದು ಅನೇಕ ವೇಳೆ ತೆಲುಗು. ಲಿಂಗಾಯತರಲ್ಲಿಯೂ ಜಂಗಮ, ಬಣಜಿಗ, ಸಾದ, ನೊಣಬ ಎಂಬ ಭೇದಗಳು ಹಾಗೆಯೇ ಇದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ಖಾನೇಸುಮಾರಿಗಳಲ್ಲಿ ತಮ್ಮನ್ನು ಶೂದ್ರವರ್ಗದಲ್ಲಿ ಸೇರಿಸಿ ಬರೆದುದಕ್ಕೆ ಲಿಂಗಾಯತ ಪ್ರಮುಖರು ಖತಿಗೊಂಡು ಸರ್ಕಾರಕ್ಕೆ ಮನವಿ ಸಲ್ಲಿಸಿದರು. ಆ ಮನವಿಯ ನಿಮಿತ್ತವಾಗಿಯೇ ಊರೂರಿನ ಮಠಗಳೂ ವರ್ತಕರೂ ಒಂದು ಮಾತಿಗೆ ಸಹಿ ಹಾಕುವುದನ್ನು ಕಲಿತರು. ಅರುವತ್ತೆಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಇದೇ ಸಮುದಾಯದ ಮುಖಂಡರು ತಮ್ಮನ್ನು ಹಿಂದುಳಿದವರ ಪಟ್ಟಿಯಿಂದ ಬಿಡಬಾರದೆಂದು ಅಷ್ಟೇ ಆಗ್ರಹದಿಂದ ವಾದಿಸಿದರು. ಇದನ್ನು ಕಂಡು ನಗುವವರು ನಗಬಹುದು. ಮೇಲೆ ಕುಳಿತರೆ ಮರ್ಯಾದೆ, ಕೆಳಗೆ ನಿಂತರೆ ಹುದ್ದೆ ಎಂದು ಸರ್ಕಾರವೇ ಲೆಕ್ಕವನ್ನು ಬದಲಿಸಿದ ಮೇಲೆ ಜನರು ಬದಲಿದುದರಲ್ಲಿ ಆಶ್ಚರ್ಯವಿಲ್ಲ.

ಮೈಸೂರು ಲಿಂಗಾಯತ ಎಜುಕೇಶನ್ ಫಂಡ್ ಅಸೋಸಿಯೇಷನ್ 1905ರಲ್ಲಿಯೂ, ಒಕ್ಕಲಿಗರ ಸಂಘವು 1906ರಲ್ಲಿಯೂ, ಮುಸಲ್ಮಾನರ ಕೇಂದ್ರಸಂಘವು 1909ರಲ್ಲಿಯೂ ಸ್ಥಾಪಿತವಾದವು. ಇವುಗಳ ಕಾರ್ಯಕಲಾಪಗಳಲ್ಲಿ ನನಗೆ ಅತ್ಯಂತ ಮುಖ್ಯವೆಂದು ತೋರುವುದು ಭಾಷಣಗಳೂ ಅಲ್ಲ, ನಿರ್ಣಯಗಳೂ ಅಲ್ಲ, ವಿದ್ಯಾರ್ಥಿನಿಲಯಗಳು. ಹಳ್ಳಿಯ ರೈತನು ಮಗನನ್ನು ಹೈಸ್ಕೂಲಿಗೆ ಕಳುಹಿಸಲು ಅಡ್ಡಿಯಾಗಿದ್ದುದು ಶುಲ್ಕಕ್ಕಿಂತ ಮಿಗಿಲಾಗಿ ಊಟ ಮತ್ತು ವಸತಿ. ಬ್ರಾಹ್ಮಣ ಬಾಲಕನಿಗೆ ಪಟ್ಟಣದಲ್ಲಿ ವಾರಾನ್ನದ ಮನೆಗಳಿದ್ದವು, ಛತ್ರಗಳಿದ್ದವು. ಬಡವನಾದರೂ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆಯೆಂದು ಉಂಡು ಓದಿ ಮೇಲೆ ಬಂದವರ ಕಥೆಗಳು ನಮ್ಮಲ್ಲಿ ಎಷ್ಟೋ ಉಂಟು. ಗೌಡರ ಹುಡುಗನಿಗೆ, ಕುರುಬರ ಹುಡುಗನಿಗೆ ಅಂಥ ಪಂಕ್ತಿಯಲ್ಲಿ ಎಲೆಯಿರಲಿಲ್ಲ. ಸಂಘದ ವಿದ್ಯಾರ್ಥಿನಿಲಯವು ತೆರೆದ ಮೇಲೆ ರಾಗಿಯ ಮೂಟೆಯೂ ಹುಡುಗನೂ ಒಂದೇ ಗಾಡಿಯಲ್ಲಿ ಪಟ್ಟಣಕ್ಕೆ ಬರುವುದು ಸಾಧ್ಯವಾಯಿತು. ಅಲ್ಲಿ ಬೇರೆ ಬೇರೆ ತಾಲ್ಲೂಕುಗಳ, ಬೇರೆ ಬೇರೆ ಒಳಪಂಗಡಗಳ ಹುಡುಗರು ಒಂದೇ ಸಾಲಿನಲ್ಲಿ ಕುಳಿತು ಮುದ್ದೆ ಮುರಿದರು. ಅವರ ಅಜ್ಜಂದಿರು ಹಾಗೆ ಕುಳಿತವರಲ್ಲ. ಕಾಗದದ ಮೇಲೆ ಹುಟ್ಟಿದ ಜಾತಿಗೆ ಮೈ ಬಂದುದು ಆ ಊಟದ ಮನೆಯಲ್ಲಿ. ಹಾಗೆ ಉಂಡು ಓದಿದ ಹುಡುಗರಲ್ಲಿ ಎಷ್ಟೋ ಮಂದಿ ವಕೀಲರಾದರು, ವಕೀಲರಲ್ಲಿ ಕೆಲವರು ಪ್ರತಿನಿಧಿಗಳಾದರು. ಮುಂದೆ ಈ ನಾಡನ್ನಾಳಿದ ಕೆ. ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಎಸ್. ನಿಜಲಿಂಗಪ್ಪ ಈ ಮೂವರೂ ಹಳ್ಳಿಗಳಲ್ಲಿ ಹುಟ್ಟಿ ವಕೀಲಿ ಮಾಡಿದವರೆಂಬುದನ್ನು ಇಲ್ಲಿ ನೆನೆಯಬಹುದು.

ಸಂಘಗಳು ಬೇರೆ ಬೇರೆಯಾಗಿ ಕೇಳುತ್ತಿದ್ದುದನ್ನು ಒಟ್ಟಾಗಿ ಕೇಳಲು ಹುಟ್ಟಿದುದು 1917ರ ಪ್ರಜಾಮಿತ್ರ ಮಂಡಳಿ. ಒಕ್ಕಲಿಗರು, ಲಿಂಗಾಯತರು, ಮುಸಲ್ಮಾನರು ಮೊದಲಾದವರು ಅದರಲ್ಲಿ ಸೇರಿದರು. ಮಹಾರಾಜಾ ಕಾಲೇಜಿನ ಸಿ. ಆರ್. ರೆಡ್ಡಿಯವರ ಬುದ್ಧಿಬಲವೂ ಅದರ ಹಿಂದೆ ಇದ್ದಿತು. ಮರುವರ್ಷ ಮಂಡಳಿಯ ನಿಯೋಗವು ನಾಲ್ವಡಿ ಕೃಷ್ಣರಾಜ ಒಡೆಯರನ್ನು ಕಂಡು, ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲದ ಒಂದು ವರ್ಗವು ಸರ್ಕಾರದ ಮೇಲ್ತರಗತಿಯ ಹುದ್ದೆಗಳಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚನ್ನು ಹೊಂದಿರುವುದನ್ನು ಅರಿಕೆ ಮಾಡಿಕೊಂಡಿತು. ಮಹಾರಾಜರು 1918ರ ಆಗಸ್ಟಿನಲ್ಲಿ, ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಸಮ್ಮತವಾಗಲಿಲ್ಲ. ಯೋಗ್ಯತೆಯನ್ನು ಬಿಟ್ಟು ಬೇರೆಯ ಅಳತೆಯಿಂದ ಅಧಿಕಾರಿಗಳನ್ನು ನೇಮಿಸಿದರೆ ಆಡಳಿತವು ಸಡಿಲವಾಗುವುದೆಂಬುದು ಅವರ ದೃಢವಾದ ನಂಬಿಕೆ. ಅವರು ಪದವಿಯನ್ನು ತ್ಯಜಿಸಿದರು, ಅರಸು ಮನೆತನದ ಕಾಂತರಾಜ ಅರಸರು ದಿವಾನರಾದರು. 1919ರಲ್ಲಿ ಬಂದ ಮಿಲ್ಲರ್ ವರದಿಯು, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟು, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಬ್ರಾಹ್ಮಣೇತರರಿಗೆ ದೊರೆಯಬೇಕೆಂದಿತು. 1921ರಲ್ಲಿ ಸರ್ಕಾರವು ಅದನ್ನು ಆಜ್ಞೆಯಾಗಿ ಹೊರಡಿಸಿತು.

ವಿಶ್ವೇಶ್ವರಯ್ಯನವರ ಕಾರ್ಯದಕ್ಷತೆಯನ್ನೂ ನಿಃಸ್ಪೃಹತೆಯನ್ನೂ ಅರಿಯದವರು ಯಾರು? ಆದರೂ ಈ ಒಂದು ವಿಷಯದಲ್ಲಿ ಅವರ ವಾದವನ್ನು ಒಪ್ಪಲು ಕಷ್ಟ. ಯೋಗ್ಯತೆಯನ್ನು ಪರೀಕ್ಷೆಯ ಅಂಕಗಳಲ್ಲಿ ಅಳೆಯುವಾಗ, ಪರೀಕ್ಷೆಯ ಕೊಠಡಿಯವರೆಗೆ ಬರಲು ಯಾರಿಗೆ ದಾರಿಯಿದ್ದಿತು ಎಂಬುದನ್ನೂ ಕೇಳಬೇಕಾಗುತ್ತದೆ. ಕೋಮುವಾರು ಬುದ್ಧಿಯೆಂಬ ಆಕ್ಷೇಪಣೆಯನ್ನು ಆಗ ಎತ್ತಿದವರಲ್ಲಿ ಹೆಚ್ಚಿನವರಿಗೆ ತಮ್ಮ ಕೋಮಿನ ಹೆಸರನ್ನು ಉಚ್ಚರಿಸುವ ಅಗತ್ಯವೇ ಇರಲಿಲ್ಲ. ಅದು ಹಾಜರಿಪಟ್ಟಿಯಲ್ಲಿ ಪ್ರತಿದಿನವೂ ತಾನಾಗಿಯೇ ಉಚ್ಚಾರವಾಗುತ್ತಿದ್ದಿತು.

ಮಿಲ್ಲರ್ ಸಮಿತಿಯ ಒಂದು ದೋಷವನ್ನು ಮಾತ್ರ ಹೇಳಲೇಬೇಕು. ಬ್ರಾಹ್ಮಣರನ್ನು ಬಿಟ್ಟು, ಸರ್ಕಾರಿ ಸೇವೆಯಲ್ಲಿ ಸಾಕಷ್ಟು ಪಾಲಿಲ್ಲದ ಉಳಿದೆಲ್ಲ ಜಾತಿಗಳನ್ನೂ ಅದು ಒಂದೇ ವರ್ಗವಾಗಿ ಎಣಿಸಿತು. ನೂರು ಎಕರೆಯ ಪಟೇಲನೂ, ಅವನ ಕಣದಲ್ಲಿ ಕೂಲಿಯ ರಾಗಿಯನ್ನು ಅಳೆಸಿಕೊಳ್ಳುವ ಆಳೂ, ಅಗಸನೂ, ಕುಂಬಾರನೂ ಒಂದೇ ಚೀಲದಲ್ಲಿ ಬಿದ್ದರು. ಬೊಗಸೆ ದೊಡ್ಡದಾದವನು ಆ ಚೀಲದಿಂದ ಹೆಚ್ಚು ತೆಗೆದುಕೊಂಡನು. ಆದಿಕರ್ನಾಟಕರೆಂದು ಸರ್ಕಾರವು ಆಮೇಲೆ ಕರೆದ ಹೊಲೆಯ ಮಾದಿಗರ ಮಕ್ಕಳಿಗೆ ಸರ್ಕಾರಿ ಶಾಲೆಯ ಬಾಗಿಲು ಪೂರ್ತಿಯಾಗಿ ತೆರೆದುದೇ 1919ರಲ್ಲಿ, ಸಿ. ಆರ್. ರೆಡ್ಡಿಯವರು ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದಾಗ. ತೆರೆದ ಮೇಲೂ ಅದರೊಳಗೆ ಕಾಲಿಡಲು ಬಿಡದ ಹಳ್ಳಿಗಳು ಎಷ್ಟೋ. ಶಾಲೆಯನ್ನೇ ಕಾಣದವನಿಗೆ ಮೂರರಲ್ಲಿ ಎರಡು ಪಾಲು ಹುದ್ದೆಗಳಿಂದ ಬಂದ ಭಾಗ್ಯವೇನು?

1923ರಲ್ಲಿ, ಬ್ರಜೇಂದ್ರನಾಥ ಶೀಲರ ಸಮಿತಿಯ ವಿಚಾರವಾದ ಮೇಲೆ, ಸಭೆಗೆ ಶಾಸನಬದ್ಧವಾದ ಸ್ಥಾನ ದೊರೆಯಿತು, ಮತದಾರರ ಕಂದಾಯದ ಮಿತಿ ತಗ್ಗಿತು, ಸ್ತ್ರೀಯರೂ ಮತದಾನಕ್ಕೆ ಅರ್ಹರಾದರು. ಅಲ್ಪಸಂಖ್ಯಾತ ಕೋಮುಗಳಿಗೆ ಸರ್ಕಾರದ ಮನ್ನಣೆ ಪಡೆದ ಸಂಘಗಳ ಮೂಲಕ ಪ್ರಾತಿನಿಧ್ಯವನ್ನು ಕೊಡುವ ಏರ್ಪಾಡೂ ಆಯಿತು. ಹೊಣೆಯರಿತವರು ಸದ್ಭಾವದಿಂದ ಮಾಡಿದ ಏರ್ಪಾಡಿದು. ಆದರೆ ಸಂಘವಿದ್ದರೆ ಸ್ಥಾನವುಂಟೆಂದು ತಿಳಿದ ಮೇಲೆ ಸಂಘಗಳು ಹುಟ್ಟುವುದಕ್ಕೆ ಬೇರೆ ಪ್ರೇರಣೆ ಬೇಕಿರಲಿಲ್ಲ. ಸಂಘ ಕಟ್ಟಲು ಬೇಕಾದ ಹಣವೂ ವಿದ್ಯೆಯೂ ಇಲ್ಲದ ಜಾತಿಗಳಿಗೆ ಬಾಯಿಲ್ಲದಂತಾಯಿತು.

ಈ ನಡುವೆ ಕಾಂಗ್ರೆಸ್ ಸಂಸ್ಥೆಯು ಮೈಸೂರಿನಲ್ಲಿ ಖಾದಿ, ಹರಿಜನೋದ್ಧಾರ, ಸಭೆ ಸಮ್ಮೇಳನಗಳೆಂದು ಪಟ್ಟಣಗಳಲ್ಲಿ ನಡೆಯುತ್ತಿದ್ದಿತು. ತಗಡೂರು ರಾಮಚಂದ್ರರಾಯರಂಥ ತ್ಯಾಗಿಗಳು ಅದರಲ್ಲಿದ್ದರು. ಆದರೆ ಹಳ್ಳಿಯ ಗೌಡನ ಕಣ್ಣಿಗೆ ಅದು ಬ್ರಾಹ್ಮಣರ ಪಕ್ಷ. ಅವನಿಗೆ ಸ್ವರಾಜ್ಯದ ಮಾತಿಗಿಂತ ಹತ್ತಿರವಾಗಿದ್ದುದು ಇರ್ವಿನ್ ನಾಲೆಯ ನೀರಿಗಾಗಿ ಸರ್ಕಾರವು ಕೇಳಿದ ವಂತಿಗೆ. ಬೆಲೆಗಳು ಕುಸಿದು ಬಿದ್ದಿದ್ದ ಆ ವರ್ಷಗಳಲ್ಲಿ ಮಂಡ್ಯದ ರೈತರು ಅದನ್ನು ವಿರೋಧಿಸಿ ಗುಂಪುಗೂಡಿ ಹೊರಟಾಗ, ಹೋರಾಟದ ರುಚಿಯನ್ನು ಅವರಿಗೆ ತೋರಿಸಿದುದು ಕಾಂಗ್ರೆಸ್ಸಲ್ಲ. ಪ್ರಜಾಮಿತ್ರ ಮಂಡಳಿಯ ತರುವಾಯ ಹುಟ್ಟಿಕೊಂಡಿದ್ದ ಪ್ರಜಾಪಕ್ಷವು 1934ರಲ್ಲಿ ಮಂಡಳಿಯೊಡನೆ ಒಂದಾಗಿ ಪ್ರಜಾ ಸಂಯುಕ್ತ ಪಕ್ಷವಾಯಿತು, ಕೆ. ಸಿ. ರೆಡ್ಡಿಯವರೇ ಮೊದಲಾದ ಅದರ ತರುಣರು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರಿಂದ ಜವಾಬ್ದಾರಿ ಸರ್ಕಾರ ದೊರೆಯದೆಂದು ಬೇಸತ್ತು, 1937ರಲ್ಲಿ ಪಕ್ಷವನ್ನೇ ಕಾಂಗ್ರೆಸ್ಸಿನಲ್ಲಿ ಸೇರಿಸಿದರು. ಇದರ ಪರಿಣಾಮವು ಕಂಡುದು 1938ರ ಏಪ್ರಿಲ್ ತಿಂಗಳಲ್ಲಿ, ಮದ್ದೂರಿನ ಹತ್ತಿರದ ಶಿವಪುರದಲ್ಲಿ. ನಿಷೇಧಾಜ್ಞೆಯನ್ನು ಮೀರಿ ಅಲ್ಲಿ ಧ್ವಜವನ್ನೇರಿಸಿದಾಗ ಅಧ್ಯಕ್ಷರಾಗಿದ್ದವರು ಲಿಂಗಾಯತರಾದ ಟಿ. ಸಿದ್ದಲಿಂಗಯ್ಯನವರು, ಸುತ್ತ ನೆರೆದ ಸಹಸ್ರಾರು ಜನರಲ್ಲಿ ಬಹುಭಾಗ ಒಕ್ಕಲಿಗ ರೈತರು, ಅವರ ನಡುವೆ ಹಳೆಯ ಬ್ರಾಹ್ಮಣ ಕಾರ್ಯಕರ್ತರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಜನರು ಸತ್ತರು. ಇಪ್ಪತ್ತು ವರ್ಷಗಳ ಹಿಂದೆ ಹುದ್ದೆಗಳಿಗಾಗಿ ಅರಮನೆಗೆ ಅರಿಕೆ ಒಯ್ದವರ ಮಕ್ಕಳು, ಅರಮನೆಯ ಅಧಿಕಾರವನ್ನೇ ಕೇಳಲು ಬೀದಿಗೆ ಬಂದಿದ್ದರು. ಜಾತಿಯ ಸಂಘವು ಏಣಿಯಾಗಿ ಒದಗಿರದಿದ್ದರೆ ಅವರು ಆ ಬೀದಿಗೆ ಇನ್ನೆಷ್ಟು ಕಾಲಕ್ಕೆ ಬರುತ್ತಿದ್ದರೋ ಹೇಳಲಾರೆ.

1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಬಂದ ಮೇಲೆ ಮಂತ್ರಿಪದವಿಗಳನ್ನು ಹಂಚುವಾಗ ಒಕ್ಕಲಿಗರಿಗೆಷ್ಟು, ಲಿಂಗಾಯತರಿಗೆಷ್ಟು, ಬ್ರಾಹ್ಮಣರಿಗೆಷ್ಟು, ಹರಿಜನರಿಗೆಷ್ಟು ಎಂಬ ಎಣಿಕೆ ಪದ್ಧತಿಯಾಗಿ ನಿಂತಿತು. ಅದೇ ದಿನಗಳಲ್ಲಿ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ವಾಸಮಾಡಿ, ಆ ಹಳ್ಳಿಗೆ ರಾಮಪುರವೆಂಬ ಕಲ್ಪಿತನಾಮವನ್ನಿಟ್ಟು ಬರೆದರು. ಜಮೀನೂ ಸಂಖ್ಯೆಯೂ ಕೂಡಿ ಬಂದ ಜಾತಿಯು ಊರಿನ ಯಜಮಾನಿಕೆಯನ್ನು ಹೇಗೆ ಕೈಯಲ್ಲಿಟ್ಟುಕೊಳ್ಳುವುದೆಂಬುದನ್ನೂ, ಜಮೀನ್ದಾರನಾದ ಯಜಮಾನನೊಬ್ಬನು ತನ್ನ ಗೇಣಿದಾರರ, ಸಾಲಗಾರರ, ಆಳುಗಳ ಮತಗಳನ್ನು ಒಟ್ಟಿಗೆ ಒಬ್ಬ ಅಭ್ಯರ್ಥಿಗೆ ಹೇಗೆ ಒಪ್ಪಿಸಬಲ್ಲನೆಂಬುದನ್ನೂ ತಿಳಿಯಲು ಅವರಿಗೆ ನೆರವಾದುದು ಆ ಹಳ್ಳಿ. ಇಂದು ಜಾತಿಗೆ ಅಂಟಿಸಿ ಆಡುವ ವೋಟ್ ಬ್ಯಾಂಕ್ ಎಂಬ ಮಾತನ್ನು ಅವರು ಬಳಸಿದುದು ಇಂಥ ಯಜಮಾನರ ವಿಷಯದಲ್ಲಿ. 1952ರ ಮಹಾಚುನಾವಣೆಯಲ್ಲಿ ಕುಳವಾಡಿಯೂ ಪಟೇಲನೂ ತಲೆಗೊಂದು ಮತ ಹಾಕಿದರು. ಕಾಂಗ್ರೆಸ್ಸು 99ರಲ್ಲಿ 74 ಸ್ಥಾನಗಳನ್ನು ಪಡೆಯಿತು. ಆಳಿನ ಮತವು ಯಜಮಾನನ ಮಾತನ್ನು ಮೀರಿದ ಊರುಗಳು ಹೆಚ್ಚಾಗಿ ಇದ್ದಿರಲಾರವು.

ಏಕೀಕರಣದ ಪ್ರಶ್ನೆ ಬಂದಾಗ ಈ ಎಣಿಕೆಯು ಇನ್ನೂ ಬಯಲಿಗೆ ಬಿದ್ದಿತು. ಹಳೆಯ ಮೈಸೂರಿನಲ್ಲಿ ಒಕ್ಕಲಿಗರದೇ ಎಲ್ಲಕ್ಕಿಂತ ದೊಡ್ಡ ಸಮುದಾಯ. ಮುಂಬಯಿ ಕರ್ನಾಟಕವೂ ಹೈದರಾಬಾದ್ ಕರ್ನಾಟಕವೂ ಸೇರಿದರೆ ಲಿಂಗಾಯತರ ಕೈ ಮೇಲಾಗುವುದು ಸ್ಪಷ್ಟವಿದ್ದಿತು. ಹಿಂದುಳಿದ ಪ್ರದೇಶಗಳ ಹೊರೆ, ಮೈಸೂರಿನ ಸುವ್ಯವಸ್ಥೆ, ಎರಡು ಕನ್ನಡ ರಾಜ್ಯಗಳಿದ್ದರೇನು ತಪ್ಪು ಎಂದೆಲ್ಲ ನಾನಾ ರೂಪದ ವಾದಗಳು ಹೊರಟವು. ಬಾಯಿ ಬಿಟ್ಟು ಹೇಳದ ವಾದವೇ ಅವುಗಳಲ್ಲಿ ಬಲವಾದುದು. ಸ್ವತಃ ಒಕ್ಕಲಿಗರಾದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮವರೇ ಅನೇಕರ ವಿರೋಧವನ್ನು ಲೆಕ್ಕಿಸದೆ ಏಕೀಕರಣದ ಪಕ್ಷವನ್ನು ಹಿಡಿದರು. ಜಾತಿಯ ಗಣಿತವೇ ರಾಜಕಾರಣದ ಸರ್ವಸ್ವವೆಂದು ಹೇಳುವವರು ಈ ಪ್ರಸಂಗಕ್ಕೆ ಉತ್ತರ ಕೊಡಬೇಕಾಗುತ್ತದೆ. ಆದರೆ ಗಣಿತವು ಸುಳ್ಳಾಗಲಿಲ್ಲ: 1956ರ ನವೆಂಬರ್ 1ರ ಹೊತ್ತಿಗೆ ಹನುಮಂತಯ್ಯನವರು ಅಧಿಕಾರದಲ್ಲಿರಲಿಲ್ಲ, ನಿಜಲಿಂಗಪ್ಪ, ಜತ್ತಿ, ಕಂಠಿ, ಮತ್ತೆ ನಿಜಲಿಂಗಪ್ಪ, ವೀರೇಂದ್ರ ಪಾಟೀಲ್ ಎಂದು 1971ರವರೆಗೆ ಮುಖ್ಯಮಂತ್ರಿಗಳೆಲ್ಲರೂ ಲಿಂಗಾಯತರೇ ಆದರು.

ಇಷ್ಟೆಲ್ಲವೂ ಎರಡು ದೊಡ್ಡ ಸಮುದಾಯಗಳ ನಡುವಣ ವ್ಯವಹಾರ. ಮಿಲ್ಲರರ ಚೀಲದ ತಳದಲ್ಲಿ ಉಳಿದಿದ್ದವರನ್ನು ಎಣಿಸುವವನು 1972ರಲ್ಲಿ ಬಂದನು. ಆ ವರ್ಷ ಮುಖ್ಯಮಂತ್ರಿಯಾದ ಹುಣಸೂರಿನ ದೇವರಾಜ ಅರಸರು ಹುಟ್ಟಿದ ಅರಸು ಜನಾಂಗವು ರಾಜವಂಶಕ್ಕೆ ನಂಟಾದರೂ ಸಂಖ್ಯೆಯಲ್ಲಿ ಬಹಳ ಸಣ್ಣದು. ತಮ್ಮ ಜಾತಿಯ ಮತಗಳನ್ನು ನಂಬಿದ್ದರೆ ಅವರು ಒಂದು ತಾಲ್ಲೂಕನ್ನೂ ಗೆಲ್ಲಲಾರರು. ಕುರುಬ, ಬೇಡ, ಈಡಿಗ, ಅಗಸ, ಕುಂಬಾರ, ವಿಶ್ವಕರ್ಮ ಮುಂತಾಗಿ ಬಿಡಿಬಿಡಿಯಾಗಿ ಚದುರಿದ್ದ ಜಾತಿಗಳನ್ನೂ, ಹರಿಜನರನ್ನೂ, ಮುಸಲ್ಮಾನರನ್ನೂ ಕೂಡಿಸಿದರೆ ಆ ಎರಡು ಸಮುದಾಯಗಳಿಗಿಂತ ದೊಡ್ಡ ಮೊತ್ತವಾಗುವುದೆಂಬುದನ್ನು ಅವರು ಕಂಡುಕೊಂಡರು. ಗೇಣಿದಾರನಿಗೆ ಭೂಮಿಯನ್ನು ಕೊಡುವ 1974ರ ತಿದ್ದುಪಡಿಯು ಯಜಮಾನನ ಕೈಯಲ್ಲಿದ್ದ ಮತಗಳ ಗಂಟನ್ನು ಸಡಿಲಿಸಿತು. ಬೇಡ ಸಮುದಾಯದಲ್ಲಿ ಹುಟ್ಟಿ ವಕೀಲರಾಗಿದ್ದ ಎಲ್. ಜಿ. ಹಾವನೂರರ ಅಧ್ಯಕ್ಷತೆಯ ಆಯೋಗವು 1975ರ ನವೆಂಬರಿನಲ್ಲಿ ವರದಿಯನ್ನೊಪ್ಪಿಸಿದಾಗ, ಬ್ರಾಹ್ಮಣೇತರರೆಂಬ ಹಳೆಯ ಒಂದೇ ವರ್ಗವು ಹಿಂದುಳಿದ ಸಮುದಾಯಗಳು, ಹಿಂದುಳಿದ ಜಾತಿಗಳು, ಹಿಂದುಳಿದ ಬುಡಕಟ್ಟುಗಳು ಎಂದು ಒಡೆದಿದ್ದಿತು. ಒಕ್ಕಲಿಗರ ಹೆಸರು ಪಟ್ಟಿಯಲ್ಲಿ ಉಳಿದಿದ್ದಿತು, ಲಿಂಗಾಯತರದು ಇರಲಿಲ್ಲ. ವಿಧಾನಸೌಧದ ಒಳಗೂ ಹೊರಗೂ ಗದ್ದಲವೆದ್ದಿತು. ಪಟ್ಟಿಯನ್ನು ಪ್ರಶ್ನಿಸಿದವರು ನ್ಯಾಯಾಲಯದ ಮೆಟ್ಟಿಲೇರಿದರು, ಸರ್ಕಾರವು ಆಯೋಗದ ಮೇಲೆ ಆಯೋಗವನ್ನು ನೇಮಿಸುತ್ತ ಹೋಯಿತು.